ಎರಡು ಹಳೇ ಸೈಕಲ್, ಒಂದು ವೈಪರ್ ಮೋಟರ್: ಅಂಗಳದಲ್ಲಿ ಓಡುವ ಮಕ್ಕಳ ಕಾರು

ಮೊದಲ ಸಲ ನಮ್ಮ ಕಾರು ಓಡಿದಾಗ ಡ್ರೈವರ್ ಸೀಟಿನಲ್ಲಿ ಕೂತಿದ್ದು ಮಗಳಲ್ಲ, 25 ಕೆಜಿ ಅಕ್ಕಿ ಮೂಟೆ. ತೀರ್ಥಹಳ್ಳಿ ಕಡೆಯ ಮನೆ ನಮ್ಮದು. ಅಂಗಳ ಅಂದರೆ ಅರ್ಧ ಸಮತಟ್ಟು, ಉಳಿದರ್ಧ ತೋಟದ ಕಡೆಗೆ ಇಳಿಜಾರು. ಕಾರು ತುಳಸಿಕಟ್ಟೆ ದಾಟಿತು. ನಾನು ಸ್ವಿಚ್ ಆಫ್ ಮಾಡಿದೆ. ಮೋಟರ್ ಸದ್ದು ನಿಂತಿತು, ಕಾರು ನಿಲ್ಲಲಿಲ್ಲ. ಇಳಿಜಾರು ಸಿಕ್ಕಿದ್ದೇ ತಡ, ಸೀದಾ ಗೊಬ್ಬರ ಗುಂಡಿ. ಜಗುಲಿಯಲ್ಲಿ ಕೂತಿದ್ದ ಅಮ್ಮ, "ಅಕ್ಕಿ ಹೋಯ್ತಲ್ಲೋ ಮಾರಾಯ!" ಅಂದರು.

ಮೋಟರ್ ಮತ್ತು ಬ್ಯಾಟರಿ ಇದ್ದರೆ ಯಾವ ಹಲಗೆಯೂ ಓಡುತ್ತದೆ. ಮಲೆನಾಡಿನ ಅಂಗಳಕ್ಕೆ ಬೇಕಾಗಿರುವುದು ಕಾಲು ತೆಗೆದ ಕೂಡಲೇ ನಿಲ್ಲುವ ಕಾರು, ಇಳಿಜಾರಿನಲ್ಲೂ ನಿಂತಲ್ಲೇ ಇರುವ ಕಾರು. ಎರಡನೇ ಸಲ ಹಾಗೇ ಕಟ್ಟಿದೆ. ಮೂರರಿಂದ ಆರು ವರ್ಷದ, 25 ಕೆಜಿ ಒಳಗಿನ ಮಗುವಿಗೆ ಅದು ಸರಿಹೋಗುತ್ತದೆ. ಬ್ಯಾಟರಿ, ವೈರು, ಫ್ಯೂಸ್ ಬಿಟ್ಟರೆ ಹೆಚ್ಚುಕಡಿಮೆ ಎಲ್ಲಾ ಗುಜರಿ ಸಾಮಾನು.

ಕಟ್ಟುವ ಕೆಲಸಕ್ಕೆ ಮಳೆಗಾಲವೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೇಗೂ ಓಡಿಸುವಂತಿಲ್ಲ. ಆಮೇಲೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ಅಂಗಳ ಅಡಿಕೆಯದ್ದು. ಹರಡಿದ ಅಡಿಕೆ ಮೇಲೆ ಒಂದು ಚಕ್ರ ಹೋದರೂ ಮನೆಯಲ್ಲಿ ಯುದ್ಧ. ಹಾಗಾಗಿ ಮಳೆಯಲ್ಲಿ ಕೊಟ್ಟಿಗೆ ಮೂಲೆಯಲ್ಲಿ ನಿಧಾನಕ್ಕೆ ಕಟ್ಟಿ, ಅಡಿಕೆ ಮುಗಿದ ಮೇಲೆ ಹೊರಗೆ ತೆಗೆಯಿರಿ.

ಗುಜರಿಯಲ್ಲಿ ಏನು ಹುಡುಕಬೇಕು

ಮೊದಲಿಗೆ 12 ಇಂಚಿನ ಎರಡು ಮಕ್ಕಳ ಸೈಕಲ್. ಎರಡು ವರ್ಷ ತುಳಿದು ಮೂಲೆಗೆ ಬಿಸಾಡಿದ್ದು ಊರಿನ ಅರ್ಧ ಮನೆಯಲ್ಲಿ ಇರುತ್ತದೆ. ಗುಜರಿ ಅಂಗಡಿಯವರು ತೂಕಕ್ಕೆ ಕೊಡುತ್ತಾರೆ. "ಒಂದು ಸಾಲಲ್ವಾ ಸರ್, ಎರಡು ಎಂತಕ್ಕೆ?" ಅಂತ ನನ್ನನ್ನು ಕೇಳಿದರು. ಎರಡೇ ಬೇಕು, ಅದೂ ಸಾಧ್ಯವಾದರೆ ಒಂದೇ ತರದ್ದು. ನಾಲ್ಕು ಚಕ್ರ, ಹಿಂದಿನ ಎರಡು ಚೌಕಟ್ಟು, ಮುಂದಿನ ಚಕ್ರ ಹಿಡಿದಿರುವ ಎರಡು ಫೋರ್ಕು, ಚೈನು, ಬ್ರೇಕು ಎಲ್ಲಾ ಅದರಲ್ಲೇ ಬರುತ್ತದೆ. ತಿರುಗುವ ಜಾಗಕ್ಕೆ ಬೇರಿಂಗ್ ಗುಂಡುಗಳೂ ಒಳಗೇ ಇರುತ್ತವೆ. ಬಿಡಿಬಿಡಿಯಾಗಿ ಹುಡುಕಲು ಹೋದರೆ ಒಂದಕ್ಕೊಂದು ಹೊಂದಿಸುವುದರಲ್ಲೇ ವಾರ ಕಳೆಯುತ್ತದೆ.

ಎರಡನೆಯದು ಕಾರಿನ ವೈಪರ್ ಮೋಟರ್. ಹಳೇ ಮಾರುತಿ 800, ಓಮ್ನಿ, ಇಂಥದ್ದರದ್ದು ಆಗುತ್ತದೆ. 12 ವೋಲ್ಟ್‌ನದ್ದು ಅಂತ ನೋಡಿಕೊಳ್ಳಿ. ಲಾರಿಯದ್ದು 24 ಇರುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿದರೆ ಸಿಗುತ್ತದೆ.

ವೈಪರ್ ಮೋಟರೇ ಯಾಕೆ? ಅದರ ಒಳಗೆ ಸ್ಕ್ರೂ ತರದ ಒಂದು ಹಲ್ಲು, ಅದಕ್ಕೆ ಕಚ್ಚಿಕೊಂಡ ಒಂದು ಚಕ್ರ ಇದೆ. ವರ್ಮ್ ಗೇರ್ ಅನ್ನುತ್ತಾರೆ. ಸ್ಕ್ರೂ ತಿರುಗಿದರೆ ಚಕ್ರ ತಿರುಗುತ್ತದೆ. ಚಕ್ರವನ್ನು ಹಿಡಿದು ತಿರುಗಿಸಲು ಹೋದರೆ ಸ್ಕ್ರೂ ಅಲುಗಾಡುವುದಿಲ್ಲ. ಅಂದರೆ ಕರೆಂಟ್ ಹೋದ ಕ್ಷಣ ಮೋಟರೇ ಬ್ರೇಕ್. ಅಂಗಡಿಯಲ್ಲೇ ಇದನ್ನು ನೋಡಬಹುದು. ಶಾಫ್ಟ್ ಅನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಸಲೀಸಾಗಿ ತಿರುಗಿದರೆ ಒಳಗಿನ ಹಲ್ಲು ಹೋಗಿದೆ, ಬಿಡಿ.

ಅಂಗಡಿಗೆ ಹೋಗುವಾಗ ಒಂದು ಬೈಕ್ ಬ್ಯಾಟರಿ, ಕ್ಲಿಪ್ ಹಾಕಿದ ಎರಡು ವೈರು ಜೊತೆಗಿರಲಿ. ಮೋಟರ್ ಓಡಿಸಿ ಕೇಳಿ. ಒಂದೇ ಸಮನೆ ಗುಂಯ್ ಅಂದರೆ ಸರಿ, ಕಟಕಟ ಅಂದರೆ ಬೇಡ. ಶಾಫ್ಟ್ ಮೇಲೆ ಚಾಕ್‌ಪೀಸಿನ ಗೆರೆ ಹಾಕಿ ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ. ಇದಕ್ಕೆ ಎರಡು ಸ್ಪೀಡ್ ಇರುತ್ತವೆ. ನಮಗೆ ಬೇಕಾದ್ದು ನಿಧಾನದ್ದು, ನನಗೆ ಸಿಕ್ಕಿದ್ದರಲ್ಲಿ ಅದು 45 ಸುತ್ತು. ಜೋರಿನ ವೈರಿನಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ಎಳೆಯುವ ಶಕ್ತಿ ಕಡಿಮೆ. ಅದಕ್ಕೆ ಟೇಪ್ ಸುತ್ತಿ ಬದಿಗೆ ಕಟ್ಟಿಬಿಡಿ.

ಮೋಟರ್ ತಲೆಯಲ್ಲಿ ವೈಪರ್ ಕಡ್ಡಿಗೆ ಸೇರುವ ಒಂದು ಚಿಕ್ಕ ಕಬ್ಬಿಣದ ತೋಳು, ಅದರ ನಟ್ಟು ಇರುತ್ತದೆ. ಅದನ್ನೂ ಕೇಳಿ ಪಡೆಯಿರಿ. ನಾನು ಮೊದಲ ಸಲ ಬಿಟ್ಟು ಬಂದು, ಆ ನಾಲ್ಕು ಇಂಚಿನ ತುಂಡಿಗಾಗಿ ಮತ್ತೆ ಶಿವಮೊಗ್ಗ ಬಸ್ ಹತ್ತಿದೆ.

ತರಬಾರದ್ದೂ ಇದೆ. ಎಲೆಕ್ಟ್ರಿಕ್ ಸ್ಕೂಟರಿನ ಚಕ್ರದ ಮೋಟರ್ ಬೇಡ. ಅದಕ್ಕೆ ಬೇರೆ ಕಂಟ್ರೋಲರ್ ಬೇಕು, ಸ್ಪೀಡೂ ಮಗುವಿನ ಕೈ ಮೀರಿದ್ದು. ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಬೇಡ, ಬೆಂಕಿ ಹಿಡಿದರೆ ಆರಿಸುವುದು ಕಷ್ಟ. ಕಾರಿನ ಬಾಡಿಗೆ ಅಂತ ತೋಟಕ್ಕೆ ಹೊಡೆಯುವ ಔಷಧಿಯ ಡ್ರಮ್ ಕತ್ತರಿಸುವುದಂತೂ ಬೇಡವೇ ಬೇಡ. ತೋಟದ ಮನೆಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡಿದ್ದು ಪೂರ್ತಿ ಹೋಗುವುದಿಲ್ಲ.

ಚೌಕಟ್ಟು

ನನ್ನ ಕಾರಿನ ಹೊಟ್ಟೆ ಒಂದು ಹಳೇ ಗೇಟು. ಒಂದು ಇಂಚಿನ ಚೌಕ ಪೈಪು. ಹಳೇ ಪೇಂಟು ಉಜ್ಜುವಾಗ ಮೂಗಿಗೆ ಒಳ್ಳೆ ಡಸ್ಟ್ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಹಿಂದಿನ ಕಾಲದ ಕೆಂಪು ಪ್ರೈಮರಿನಲ್ಲಿ ಸೀಸ ಇರುತ್ತಿತ್ತು.

ಅಳತೆ ಹೀಗಿದೆ: ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 75 ಸೆಂ.ಮೀ., ಎಡ ಚಕ್ರದಿಂದ ಬಲ ಚಕ್ರಕ್ಕೆ 55. ಸೀಟು ನೆಲದಿಂದ 20 ಸೆಂ.ಮೀ. ದಾಟದಿರಲಿ. ಸೀಟು ಎತ್ತರ ಆದಷ್ಟೂ ಓರೆ ನೆಲದಲ್ಲಿ ಪಲ್ಟಿ ಹೊಡೆಯುವುದು ಸುಲಭ.

ಸೈಕಲ್‌ಗಳನ್ನು ಸೀಟಿನ ಪೈಪಿನ ಮುಂದೆ ಕತ್ತರಿಸಿ. ಹಿಂದಿನ ಚಕ್ರ ಹಿಡಿದಿರುವ ತ್ರಿಕೋನ ಹಾಗೇ ಇಡಿಯಾಗಿ ಬರಲಿ. ಎರಡು ತ್ರಿಕೋನಗಳನ್ನು ಚೌಕಟ್ಟಿನ ಎಡಕ್ಕೊಂದು ಬಲಕ್ಕೊಂದು ವೆಲ್ಡ್ ಮಾಡಿಸಿ. ಮಾಡುವ ಮೊದಲು ಒಂದು ಉದ್ದದ ಸರಳನ್ನು ಎರಡೂ ಅಚ್ಚಿನ ಜಾಗದಲ್ಲಿ ತೂರಿಸಿ ನೋಡಿ. ಸರಳು ಸಲೀಸಾಗಿ ಹೋದರೆ ಚಕ್ರಗಳು ಒಂದೇ ಗೆರೆಯಲ್ಲಿವೆ.

ಮುಂದುಗಡೆ ಸ್ವಲ್ಪ ತಲೆ ಓಡಿಸಬೇಕು. ಫೋರ್ಕ್ ಕೂರುವ ಪೈಪು ಸೈಕಲ್‌ನಲ್ಲಿ ನೆಟ್ಟಗೆ ಇರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಕತ್ತರಿಸುವ ಮೊದಲು ಒಂದು ರಟ್ಟಿನ ಮೇಲೆ ಆ ಓರೆಯನ್ನು ಗುರುತು ಮಾಡಿಟ್ಟುಕೊಳ್ಳಿ. ಕಾರಿನಲ್ಲೂ ಅಷ್ಟೇ ಓರೆ ಬರಬೇಕು. ನೆಟ್ಟಗೆ ನಿಲ್ಲಿಸಿದರೆ ಫೋರ್ಕಿನ ಬಾಗಿನಿಂದಾಗಿ ಚಕ್ರ ನೆಲ ಮುಟ್ಟುವ ಜಾಗ ಮುಂದೆ ಹೋಗಿ, ಚಕ್ರ ಅತ್ತಿತ್ತ ಒದರಾಡುತ್ತದೆ. ಈ ಪೈಪು ನೆಲದಿಂದ ಎತ್ತರದಲ್ಲಿರುವುದರಿಂದ ಚೌಕಟ್ಟಿನ ಮುಂದೆ ಎರಡು ಕಂಬ, ಅವುಗಳ ಮೇಲೆ ಒಂದು ಅಡ್ಡ ಪೈಪು ಬೇಕು. ಮಗುವಿನ ಕಾಲು ಆ ಅಡ್ಡ ಪೈಪಿನ ಕೆಳಗೆ ಚಾಚಿಕೊಳ್ಳುತ್ತದೆ.

ಹ್ಯಾಂಡಲ್ ಕೂರುವ ಗೂಟವನ್ನು ಬಿಸಾಡಬೇಡಿ. ಹ್ಯಾಂಡಲನ್ನು ಕತ್ತರಿಸಿ ಒಂದು ಗೇಣು ಉಳಿಸಿಕೊಂಡು, ಗೂಟವನ್ನು ಹಿಂದಕ್ಕೆ ಮುಖಮಾಡಿ ಬಿಗಿದರೆ ಅದೇ ಸ್ಟೀರಿಂಗಿನ ತೋಳು. ಎರಡೂ ತೋಳುಗಳನ್ನು ಒಂದು ಕಬ್ಬಿಣದ ಸರಳಿನಿಂದ ಜೋಡಿಸಿ. ತೋಳುಗಳು ಸ್ವಲ್ಪ ಒಳಕ್ಕೆ ಓರೆಯಾಗಿರಲಿ. ಎಷ್ಟು ಅಂದರೆ, ಎರಡೂ ತೋಳಿನ ನೇರಕ್ಕೆ ದಾರ ಹಿಡಿದು ಎಳೆದರೆ ದಾರಗಳು ಹಿಂದಿನ ಅಚ್ಚಿನ ಮಧ್ಯದಲ್ಲಿ ಸೇರಬೇಕು. ತಿರುವಿನಲ್ಲಿ ಒಳಗಿನ ಚಕ್ರ ಜಾಸ್ತಿ ತಿರುಗಬೇಕು, ಹೊರಗಿನದ್ದು ಕಡಿಮೆ. ಈ ಓರೆಯೇ ಅದನ್ನು ಮಾಡುತ್ತದೆ. ಇಲ್ಲದಿದ್ದರೆ ಟೈರು ನೆಲಕ್ಕೆ ಉಜ್ಜಿಕೊಂಡು ಕಾರು ತಿರುವಿನಲ್ಲಿ ಏದುಸಿರು ಬಿಡುತ್ತದೆ. ಎರಡೂ ಕಡೆ ಒಂದೊಂದು ಬೋಲ್ಟ್ ಅಡ್ಡ ಕೊಟ್ಟು, ಚಕ್ರ 25 ಡಿಗ್ರಿಗಿಂತ ಜಾಸ್ತಿ ತಿರುಗದ ಹಾಗೆ ಮಾಡಿ. ಸ್ಟೀರಿಂಗಿನ ಎಲ್ಲಾ ನಟ್ಟುಗಳೂ ನೈಲಾನ್ ಇರುವ ಲಾಕ್ ನಟ್ಟೇ ಆಗಿರಲಿ.

ಗೊಬ್ಬರ ಗುಂಡಿಗೆ ಕಳಿಸಿದ ಫ್ರೀವೀಲ್

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಮೋಟರ್ ಸರಿ ಇತ್ತು, ನಿಂತೂ ಇತ್ತು. ಕಾರು ಯಾಕೆ ನಿಲ್ಲಲಿಲ್ಲ?

ಸೈಕಲ್ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಟಕಟಕ ಅಂತ ಉರುಳುತ್ತದಲ್ಲ, ಅದು ಹಿಂದಿನ ಹಲ್ಲುಚಕ್ರದೊಳಗಿನ ಫ್ರೀವೀಲ್ ಕೆಲಸ. ನಾನು ಚೈನನ್ನು ಮೋಟರಿನಿಂದ ಅದೇ ಹಲ್ಲುಚಕ್ರಕ್ಕೆ ಹಾಕಿದ್ದೆ. ಮೋಟರ್ ನಿಂತರೆ ಚೈನೂ ನಿಂತಿತು. ಚಕ್ರ ಮಾತ್ರ ಟಕಟಕ ಅನ್ನುತ್ತಾ ಇಳಿಜಾರು ಇಳಿಯಿತು. ರಿವರ್ಸ್ ಹಾಕಿದರೂ ಚೈನು ಸುಮ್ನೆ ಹಿಂದಕ್ಕೆ ತಿರುಗುತ್ತಿತ್ತು, ಅಷ್ಟೇ.

ಫ್ರೀವೀಲನ್ನು ಕಟ್ಟಿಹಾಕಬೇಕು. ಮೊದಲು ಟೈರು, ಟ್ಯೂಬು ಬಿಚ್ಚಿ. ಫ್ರೀವೀಲ್ ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದು ದಿನ ಪೂರ್ತಿ ಒಣಗಿಸಿ. ಒದ್ದೆ ಇರುವಾಗ ವೆಲ್ಡಿಂಗ್ ಕಿಡಿ ತಾಗಿದರೆ ಭಗ್ ಅನ್ನುತ್ತದೆ. ಒಣಗಿದ ಮೇಲೆ ಹೊರಗಿನ ಹಲ್ಲಿನ ಬಳೆ ಮತ್ತು ಒಳಗಿನ ಭಾಗ ಸೇರುವ ಸಂದಿಯಲ್ಲಿ ನಾಲ್ಕು ಕಡೆ ವೆಲ್ಡ್ ಹಾಕಿಸಿ.

ಅಷ್ಟಕ್ಕೇ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಫ್ರೀವೀಲು ಚಕ್ರದ ನಡುವಿನ ಹಬ್ ಮೇಲೆ ಮರೆಯಲ್ಲಿ ಕೂತಿರುತ್ತದೆ, ಅಂದರೆ ಸ್ಕ್ರೂ ತರ ತಿರುಗಿಸಿ ಕೂರಿಸಿದ್ದು. ಮುಂದಕ್ಕೆ ಓಡಿದಷ್ಟೂ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಮೋಟರ್ ತಡೆದಾಗ, ರಿವರ್ಸ್ ಹೋದಾಗ ಬಲ ಉಲ್ಟಾ ಬೀಳುತ್ತದೆ, ಮರೆ ಬಿಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ನನ್ನ ಹಲ್ಲುಚಕ್ರ ಕೈಯಲ್ಲೇ ತಿರುಗುತ್ತಿತ್ತು. ಹಾಗಾಗಿ ಹಬ್‌ಗೂ ಎರಡು ಕಡೆ ವೆಲ್ಡ್ ಬೇಕು. ಹಬ್ ಕಬ್ಬಿಣದ್ದಾ ಅಂತ ಆಯಸ್ಕಾಂತ ಹಿಡಿದು ನೋಡಿ. ಅಲ್ಯೂಮಿನಿಯಂ ಆದರೆ ಈ ವೆಲ್ಡ್ ಹಿಡಿಯುವುದಿಲ್ಲ, ಬೇರೆ ಚಕ್ರ ಹುಡುಕಿ.

ಎರಡನೇ ಸೈಕಲ್‌ನ ಫ್ರೀವೀಲ್ ಬಿಚ್ಚಿ, ಅದನ್ನೂ ಹೀಗೇ ಕಟ್ಟಿಹಾಕಿ ಮೋಟರಿನ ತೋಳಿಗೆ ವೆಲ್ಡ್ ಮಾಡಿಸಬೇಕು. ತೋಳು ಮೋಟರಿನಲ್ಲಿ ಇರುವಾಗ ವೆಲ್ಡ್ ಮಾಡಿಸಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಕರಗುತ್ತದೆ. ಮಧ್ಯಕ್ಕೆ ಸರಿಯಾಗಿ ಕೂರಿಸುವುದು ಇಲ್ಲಿನ ನಾಜೂಕಿನ ಕೆಲಸ. ಎರಡು ಚುಕ್ಕಿ ವೆಲ್ಡ್ ಹಾಕಿಸಿ. ಮೋಟರಿಗೆ ಸಿಕ್ಕಿಸಿ ಓಡಿಸಿ. ಹಲ್ಲಿನ ಪಕ್ಕ ಒಂದು ಚಾಕ್‌ಪೀಸ್ ಅಲುಗಾಡದಂತೆ ಹಿಡಿಯಿರಿ. ಚಾಕ್ ಒಂದೇ ಕಡೆ ತಾಗಿದರೆ ಆ ಬದಿ ಉಬ್ಬಿದೆ. ಬಿಚ್ಚಿ, ಸುತ್ತಿಗೆಯಲ್ಲಿ ಸಣ್ಣಗೆ ತಟ್ಟಿ, ಮತ್ತೆ ಸಿಕ್ಕಿಸಿ ನೋಡಿ. ನಮ್ಮ ವೆಲ್ಡಿಂಗ್ ಅಂಗಡಿಯ ಅಣ್ಣ ನಾಲ್ಕನೇ ಸಲಕ್ಕೆ, "ಸಾಕಲ್ವಾ? ಇದೇನು ಗಡಿಯಾರವಾ?" ಅಂದರು. ಐದನೇ ಸಲಕ್ಕೆ ಸರಿಯಾಯಿತು.

ಎರಡೂ ಕಡೆ ಹಲ್ಲು ಸಮ ಇರಬೇಕು. ನನ್ನದರಲ್ಲಿ 16 ಮತ್ತು 16. ಮೋಟರ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದು ಸುತ್ತು. 12 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 97 ಸೆಂ.ಮೀ. ಉರುಳುತ್ತದೆ. 45 ಸುತ್ತಿಗೆ 44 ಮೀಟರ್, ಅಂದರೆ ಗಂಟೆಗೆ 2.6 ಕಿ.ಮೀ. ಅಜ್ಜಿ ನಡೆದುಕೊಂಡು ಹೋಗಿ ಹಿಡಿಯುವಷ್ಟು. ಪೆಡಲಿನ ದೊಡ್ಡ ಹಲ್ಲುಚಕ್ರವನ್ನು ಮೋಟರಿಗೆ ಹಾಕಿದರೆ ಸ್ಪೀಡ್ ಬರುತ್ತದೆ, ಆದರೆ ಏರು ಹತ್ತುವುದಿಲ್ಲ, ಮೋಟರ್ ಬಿಸಿಯಾಗುತ್ತದೆ.

ಮೋಟರ್ ಒಂದು ಹಿಂದಿನ ಚಕ್ರಕ್ಕೆ ಮಾತ್ರ. ಇನ್ನೊಂದು ಚಕ್ರ ಬಿಡುವಾಗಿ ತಿರುಗಲಿ, ತಿರುವು ಸುಲಭ. ಆ ಚಕ್ರಕ್ಕೆ ಸೈಕಲ್‌ನ ಬ್ರೇಕ್ ಶೂ ಹಾಗೇ ಉಳಿಸಿ, ಲಿವರ್ ಅನ್ನು ಮಗುವಿನ ಬಲಗೈ ಹತ್ತಿರ ಕೂರಿಸಿ. ಮೋಟರ್ ಕೂರಿಸುವ ತೂತುಗಳನ್ನು ಉದ್ದಕ್ಕೆ ಕೊರೆಸಿ. ಆಗ ಚೈನನ್ನು ಬಿಗಿ ಸಡಿಲ ಮಾಡಬಹುದು. ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು.

ವೈರಿಂಗ್

ಬ್ಯಾಟರಿ 12 ವೋಲ್ಟ್, 7 ಅಥವಾ 8 ಆಂಪಿಯರ್-ಅವರ್. ಯುಪಿಎಸ್‌ನಲ್ಲಿ, ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಇರುವಂಥದ್ದು. ಸ್ಪ್ರೇಯರಿನದ್ದು ತೆಗೆದರೆ ಸೋಪು ನೀರಿನ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಕೈ ತೊಳೆಯಿರಿ. ಅದರ ಚಾರ್ಜರೇ ಇದಕ್ಕೂ ಆಗುತ್ತದೆ. ಗುಜರಿಗೆ ಬಂದ ಯುಪಿಎಸ್ ಬ್ಯಾಟರಿ ಬಹುಪಾಲು ಸತ್ತದ್ದೇ. ಪರೀಕ್ಷೆ ಸುಲಭ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ 12.6 ವೋಲ್ಟ್ ಮೇಲೆ ಇರಬೇಕು. ಆಮೇಲೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಹತ್ತು ನಿಮಿಷ ಉರಿಸಿ. 11ಕ್ಕಿಂತ ಕೆಳಗೆ ಬಿದ್ದರೆ ಅದು ಬೇಡ. ನಾನು ಎರಡು ಹಳೆಯದನ್ನು ಹೀಗೆ ಬಿಟ್ಟು, ಕೊನೆಗೆ ಹೊಸದೇ ತಂದೆ. ಬೈಕ್ ಬ್ಯಾಟರಿ ಸ್ಟಾರ್ಟ್ ಮಾಡಲು ಇರುವುದು, ದಿನಾ ಖಾಲಿ ಮಾಡಿದರೆ ಬೇಗ ಸಾಯುತ್ತದೆ.

ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಬೇಕು. ಕಾರಿನ ಪ್ಲಾಸ್ಟಿಕ್ ಫ್ಯೂಸ್ ಸಾಕು, 10 ಆಂಪಿಯರ್‌ನಿಂದ ಶುರು ಮಾಡಿ. ಏರಿನಲ್ಲಿ ಪದೇ ಪದೇ ಹೋದರೆ 15. ಅದೂ ಹೋದರೆ ಎಲ್ಲೋ ಚೈನು ಬಿಗಿಯಿದೆ, ಅದನ್ನು ಹುಡುಕಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವ ನಮ್ಮ ಹಳೇ ಚಾಳಿ ಇಲ್ಲಿ ಬೇಡ. ಮೋಟರಿಗೆ ಹೋಗುವ ವೈರು 2.5 ಚದರ ಮಿ.ಮೀ.

ಆಕ್ಸಿಲರೇಟರ್‌ಗೆ ನಾನು ಹಾಕಿದ್ದು ಬೈಕಿನ ಹಿಂದಿನ ಬ್ರೇಕ್ ಲೈಟಿನ ಸ್ವಿಚ್. ಸ್ಪ್ರಿಂಗ್ ಎಳೆದರೆ ಆನ್, ಬಿಟ್ಟರೆ ತಾನೇ ಆಫ್. ಪೆಡಲ್ ಅಂದರೆ ಬಾಗಿಲಿನ ತಿರುಗಣಿಗೆ ಬಿಗಿದ ಒಂದು ಹಲಗೆ ತುಂಡು. ಆದರೆ ಆ ಸಣ್ಣ ಸ್ವಿಚ್ ಮೋಟರಿನ ಕರೆಂಟ್ ತಡೆಯುವುದಿಲ್ಲ, ಮಧ್ಯೆ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಐದು ಕಾಲಿನದ್ದನ್ನೇ, ಅಂದರೆ ಐದು ಪಿನ್ ಇರುವುದನ್ನೇ ಕೇಳಿ. ನಾಲ್ಕು ಕಾಲಿನದ್ದು ಕೊಟ್ಟರೆ ಬೇಡ ಅನ್ನಿ, ಐದನೇ ಕಾಲೇ ನಮ್ಮ ಎರಡನೇ ಬ್ರೇಕ್.

ರಿಲೇಯ ಕಾಲುಗಳ ಪಕ್ಕ ನಂಬರ್ ಇರುತ್ತದೆ. ಫ್ಯೂಸ್ ದಾಟಿ ಬಂದ ಪ್ಲಸ್ 87ಕ್ಕೆ. ಅದರಿಂದಲೇ ಒಂದು ತೆಳು ವೈರು ಪೆಡಲ್ ಸ್ವಿಚ್ ಮೂಲಕ 86ಕ್ಕೆ. 85 ಬ್ಯಾಟರಿ ಮೈನಸ್‌ಗೆ. 30 ಮೋಟರಿನ ಒಂದು ವೈರಿಗೆ. ಮೋಟರಿನ ಇನ್ನೊಂದು ವೈರು ಮೈನಸ್‌ಗೆ, ಅದೇ ಮೈನಸ್‌ನಿಂದ ಇನ್ನೊಂದು ವೈರು 87ಎಗೆ. ಪೆಡಲ್ ಒತ್ತಿದಾಗ 30 ಹೋಗಿ 87ನ್ನು ಹಿಡಿಯುತ್ತದೆ, ಮೋಟರ್ ಓಡುತ್ತದೆ. ಪೆಡಲ್ ಬಿಟ್ಟಾಗ 30 ವಾಪಸ್ 87ಎಗೆ ಬೀಳುತ್ತದೆ. ಆಗ ಮೋಟರಿನ ಎರಡು ವೈರುಗಳೂ ಒಂದಕ್ಕೊಂದು ಸೇರಿದ ಹಾಗೆ. ತಿರುಗುತ್ತಿರುವ ಮೋಟರ್ ತಾನೇ ಹುಟ್ಟಿಸಿದ ಕರೆಂಟು ಅದನ್ನೇ ಹಿಡಿದು ನಿಲ್ಲಿಸುತ್ತದೆ.

ರಿವರ್ಸ್‌ಗೆ ಆರು ಕಾಲಿನ, ಮಧ್ಯದಲ್ಲಿ ಆಫ್ ಇರುವ, 15 ಆಂಪಿಯರ್ ಮೇಲಿನ ಸ್ವಿಚ್. ಅದು ರಿಲೇ ಮತ್ತು ಮೋಟರ್ ಮಧ್ಯೆ ಕೂರುತ್ತದೆ. ಮಧ್ಯದ ಎರಡು ಕಾಲು ಮೋಟರಿಗೆ. ಒಂದು ತುದಿಯ ಎರಡು ಕಾಲಿಗೆ 30ರ ವೈರು ಮತ್ತು ಮೈನಸ್. ಆ ತುದಿಯಿಂದ ಇನ್ನೊಂದು ತುದಿಗೆ ಅಡ್ಡಾದಿಡ್ಡಿ, ಎಕ್ಸ್ ಆಕಾರದಲ್ಲಿ ವೈರು.

ಒಂದು ಬಲೆ ಇದೆ ಇಲ್ಲಿ. ಕೆಲವು ವೈಪರ್ ಮೋಟರ್‌ಗಳಿಗೆ ಮೈನಸ್ ವೈರೇ ಇರುವುದಿಲ್ಲ, ಮೋಟರಿನ ಮೈಯೇ ಮೈನಸ್. ಕಾರಿನ ಬಾಡಿಗೆ ಬಿಗಿದರೆ ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ರಿವರ್ಸ್ ಹಾಕಿದಾಗ ಇಡೀ ಚೌಕಟ್ಟು ಪ್ಲಸ್ ಆಗುತ್ತದೆ. ಬ್ಯಾಟರಿ ಮೈನಸ್ ಎಲ್ಲಾದರೂ ಚೌಕಟ್ಟಿಗೆ ತಾಗಿದ್ದರೆ ಆ ಕ್ಷಣ ಶಾರ್ಟ್. ಆದ್ದರಿಂದ ಚೌಕಟ್ಟನ್ನು ವೈರಿನ ಬದಲು ಬಳಸಬೇಡಿ. ಹಾರ್ನ್, ಲೈಟ್ ಏನೇ ಹಾಕಿದರೂ ಅದಕ್ಕೆ ಎರಡು ಪ್ರತ್ಯೇಕ ವೈರು ಇರಲಿ.

ಕೊನೆಗೆ ದಾರ. ಪ್ಲಸ್ ವೈರಿನ ದಾರಿಯಲ್ಲಿ, ಫ್ಯೂಸ್ ಆದ ಕೂಡಲೇ, ಎಳೆದರೆ ಬಿಚ್ಚಿಕೊಳ್ಳುವ ಒಂದು ದಪ್ಪ ಬುಲೆಟ್ ಕನೆಕ್ಟರ್ ಹಾಕಿ. ಅದಕ್ಕೆ ಎರಡು ಮಾರು ದಾರ ಕಟ್ಟಿ. ದಾರದ ತುದಿ ಹಿಂದೆ ನಡೆಯುವ ದೊಡ್ಡವರ ಕೈಯಲ್ಲಿ. ಎಳೆದರೆ ಎಲ್ಲಾ ಬಂದ್.

ಬಾಡಿ, ಆಮೇಲೆ ಪರೀಕ್ಷೆ

ಬಾಡಿ ನಿಮ್ಮಿಷ್ಟ. ನಾನು ಹಳೇ ಪ್ಲೈವುಡ್ ಹಾಕಿ ಮಗಳ ಆಜ್ಞೆಯಂತೆ ಹಳದಿ ಪೇಂಟ್ ಹೊಡೆದೆ. ಎಣ್ಣೆ ಡಬ್ಬದ ತಗಡು ಹಾಕುವವರು ಅಂಚನ್ನು ಮಡಚಿ. ಚೈನ್ ಮಾತ್ರ ಮೇಲೆ, ಕೆಳಗೆ, ಪಕ್ಕ, ಎಲ್ಲಾ ಕಡೆ ಮುಚ್ಚಿರಬೇಕು. ಮಕ್ಕಳ ಬೆರಳು ಎಲ್ಲಿಗೂ ಹೋಗುತ್ತದೆ. ಸೀಟಿಗೆ ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಬೆಲ್ಟ್ ಆಯಿತು.

ಮಗುವಿಗಿಂತ ಮೊದಲು ಅಕ್ಕಿ ಮೂಟೆ ಕೂರಲಿ. ಸಮತಟ್ಟಿನಲ್ಲಿ ಅರ್ಧ ಗಂಟೆ ಓಡಿಸಿ ಮೋಟರ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಏನೋ ಬಿಗಿಯಿದೆ. ಆಮೇಲೆ ಇಳಿಜಾರು. ಗಾರೆಯವರ ನೀರಿನ ಟ್ಯೂಬ್ ಇದ್ದರೆ ಅಳೆಯಿರಿ, ಹತ್ತು ಅಡಿಗೆ ಒಂದು ಅಡಿ ಇಳಿಯುವ ಜಾಗಕ್ಕಿಂತ ಕಡಿದಾದ ಕಡೆ ಬೇಡ. ನಡು ಇಳಿಜಾರಿನಲ್ಲಿ ಪೆಡಲ್ ಬಿಡಿ. ನಮ್ಮ ಎರಡನೇ ಕಾರು ಒಂದು ಗೇಣಿನೊಳಗೆ ನಿಂತಿತು. ಅಮ್ಮ ಈ ಸಲ ಮೂಟೆಗೆ ಹಳೇ ಭತ್ತದ ಹೊಟ್ಟು, ಮರಳು ತುಂಬಿ ಕೊಟ್ಟಿದ್ದರು.

ಬಾವಿ, ಧರೆ (ಮಣ್ಣಿನ ಕಡಿದಾದ ಅಂಚು), ತೋಟದ ಅಂಚು ಇರುವ ಕಡೆ ಅಡಿಕೆ ಮರದ ತುಂಡು ಅಡ್ಡ ಹಾಕಿ. ರಸ್ತೆಗೆ ಇದು ಬೇಡ, ಮನೆ ಮುಂದಿನ ಸಣ್ಣ ಟಾರು ರಸ್ತೆಗೂ ಬೇಡ. ಅಂಗಳ ಒದ್ದೆ ಇದ್ದು ಹಾವಸೆ ಕಟ್ಟಿದ್ದರೆ ಆ ದಿನ ರಜೆ. ಮೋಟರ್ ಹಿಡಿದುಕೊಂಡರೂ ಚಕ್ರ ಜಾರುತ್ತದೆ.

ಒಂದು ಚಾರ್ಜಿಗೆ ನಮ್ಮದು ಮುಕ್ಕಾಲು ಗಂಟೆ ಓಡುತ್ತದೆ. ಕಾರು ನಿಧಾನ ಆಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಅದೇ ದಿನ ಚಾರ್ಜಿಗೆ ಹಾಕಿ. ಖಾಲಿ ಬಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಗಟ್ಟಿ ಪೊರೆ ಕಟ್ಟಿ ಬ್ಯಾಟರಿ ಸಾಯುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಬ್ಯಾಟರಿ ಕಳೆದುಕೊಳ್ಳುವವರೇ ಜಾಸ್ತಿ. ಚೈನಿಗೆ ಗ್ರೀಸ್ ಹಚ್ಚಿ, ಕಾರನ್ನು ಕೊಟ್ಟಿಗೆ ಅಟ್ಟಕ್ಕೆ ಏರಿಸಿ, ಬ್ಯಾಟರಿ ಬಿಚ್ಚಿ ಒಳಗೆ ತನ್ನಿ. ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ನನಗೆ ತಾರೀಕು ನೆನಪಿರುವುದಿಲ್ಲ. ಅದಕ್ಕೇ ಅಮಾವಾಸ್ಯೆಗೆ ಅಂತ ಇಟ್ಟುಕೊಂಡಿದ್ದೇನೆ, ಹೇಗೂ ಅಮ್ಮ ನೆನಪಿಸುತ್ತಾರೆ.